ಅಪ್‌ಡೇಟ್: ಅವ್ವನ ಸೀರೆಯ ಕೌದಿ ಏನಾಯಿತು

ಹೋದ ತಿಂಗಳು ಕೇಳಿದ್ದೆ: ಅವ್ವನ 5 ಹಳೆ ಇಳಕಲ್ ಸೀರೆ ಕೊಟ್ಟು ಬಾಗಲಕೋಟೆಯಲ್ಲಿ ಕೌದಿ ಹೊಲಿಸಿದೆ. ಹೊಲಿಗೆ ಬೆರಳಗಲ ಬಿದ್ದಿದೆ, ಒಳಗಿನ ಪದರ ಮುದ್ದೆಯಾಗಿದೆ. ಉಳಿದ ಕೂಲಿ ಕೊಡಬೇಕಾ?

ಜಗಳ ಬೇಡ, ಕೌದಿ ತಗೊಂಡೇ ಹೋಗಿ ಅಂದಿದ್ದಿರಿ. ಹಾಗೇ ಮಾಡಿದೆ. ಹೊಲಿದವರ ಅಂಗಳದಲ್ಲಿ ಹಾಸಿ ಸುಮ್ನೆ ನಿಂತೆ. ಹೊಲಿಯುವ ಕಾಕು ಕೈಯಾಡಿಸಿ ನೋಡಿ, "ಇದು ನನ್ನ ಕೈ ಅಲ್ಲವ್ವಾ. ಕಣ್ಣು ಮಂಜಾಗ್ಯಾವ, ಸೊಸಿ ಹೊಲದಾಳ" ಎಂದರು. ಸಿಟ್ಟು ಅರ್ಧ ಇಳಿಯಿತು. ಅರ್ಧ ಮಾತ್ರ. ಮೊದಲೇ ಹೇಳಬಹುದಿತ್ತು ಅಲ್ವಾ?

ಸೊಸೆ ಪೂರ್ತಿ ಬಿಚ್ಚಿದಳು. ಪದರಗಳನ್ನು ಎಳೆದು ಸಮ ಮಾಡಿ, ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ ಹಿಡಿಸಿದಳು. ಆಮೇಲೆ ಅಂಚಿನಿಂದ ಒಳಕ್ಕೆ ಸಣ್ಣ ಹೊಲಿಗೆ. ಮೊದಲ ಸಲ ಅವಸರದಲ್ಲಿ ಈ ಕಚ್ಚಾ ಹೊಲಿಗೆಯನ್ನೇ ಬಿಟ್ಟಿದ್ದಳಂತೆ. ಬಟ್ಟೆ ಜಾರಿದ್ದು ಅದಕ್ಕೇ! 12 ದಿನ ಹಿಡಿಯಿತು. ಉಳಿದ ಕೂಲಿ ಪೂರ್ತಿ ಕೊಟ್ಟೆ, ಬಿಚ್ಚಿದ್ದಕ್ಕೆ ಜಾಸ್ತಿ ಅವರೂ ಕೇಳಲಿಲ್ಲ.

ಇಳಕಲ್ ಸೀರೆಯ ಗುರುತಾದ ತೋಪು ತೆನಿ ವಿನ್ಯಾಸದ ಸೆರಗನ್ನು ನಡುವೆಯೇ ಕತ್ತರಿಸಿದ್ದು ಮಾತ್ರ ಸರಿಹೋಗಲಿಲ್ಲ. ಅವ್ವನಿಗೆ ಹೇಳಿಲ್ಲ. ಈಗ ಆ ಕೌದಿಯನ್ನೇ ಹೊದ್ದು ಮಲಗಿದ್ದಾಳೆ.