ಬಿಪಿ ಮಾತ್ರೆ ಜೊತೆ ಮೈಕೈ ನೋವಿನ ಮಾತ್ರೆ ತಗೋಬಹುದಾ?

ಪ್ರಶ್ನೆ (ಮಂಡ್ಯ): ಅಪ್ಪನಿಗೆ 62 ವರ್ಷ. ಬಿಪಿಗೆ ದಿನಾ ಟೆಲ್ಮಿಸಾರ್ಟಾನ್ 40 + ಹೈಡ್ರೋಕ್ಲೋರೋಥಯಜೈಡ್ 12.5. ಕಬ್ಬು ಕಡಿಯೋ ಟೈಮಲ್ಲಿ ಸೊಂಟನೋವಿಗೆ ಅಸಿಕ್ಲೋಫೆನಾಕ್ 100 + ಪ್ಯಾರಾಸಿಟಮಾಲ್ 325 ಎರಡು ಹೊತ್ತು ನುಂಗ್ತಾರೆ. ಜೊತೆಗೆ ಗ್ಯಾಸ್ ಮಾತ್ರೆ ಇದ್ರೆ ಸಾಕಲ್ವಾ?

ಉತ್ತರ 1: ಸಾಲದು. ಪ್ಯಾಂಟೊಪ್ರಜೋಲ್ ಥರದ ಗ್ಯಾಸ್ ಮಾತ್ರೆ ಕಾಯೋದು ಹೊಟ್ಟೇನ, ಕಿಡ್ನೀನಲ್ಲ. ಕಿಡ್ನಿಯ ಜರಡಿಗೆ ರಕ್ತ ತರೋ ನಾಳಾನ ಪ್ರೋಸ್ಟಗ್ಲಾಂಡಿನ್ ಅನ್ನೋ ಮೈಯಲ್ಲೇ ತಯಾರಾಗೋ ರಾಸಾಯನಿಕ ಅಗಲವಾಗಿ ಇಟ್ಟಿರುತ್ತೆ. ಅಸಿಕ್ಲೋಫೆನಾಕ್ ಅದನ್ನ ತಡೆದು ನಾಳ ಕಿರಿದಾಗೋ ಹಾಗೆ ಮಾಡುತ್ತೆ. ಟೆಲ್ಮಿಸಾರ್ಟಾನ್ ಹೊರಹೋಗೋ ನಾಳ ಸಡಿಲಿಸುತ್ತೆ. ಥಯಜೈಡ್ ಮೂತ್ರದಲ್ಲಿ ಉಪ್ಪು-ನೀರು ಕಳೆಯುತ್ತೆ. ಮೂರೂ ಸೇರಿದ್ರೆ ಸೋಸೋ ಒತ್ತಡ ಕುಸಿಯುತ್ತೆ. ಅದರ ಮೇಲೆ ಬಿಸಿಲು, ಬೆವರು! ಮೂತ್ರ ಕಮ್ಮಿಯಾದ್ರೆ, ಕಾಲು ಊದಿಕೊಂಡ್ರೆ ನೋವಿನ ಮಾತ್ರೆ ನಿಲ್ಲಿಸಿ, ಅವತ್ತೇ ಡಾಕ್ಟರಿಗೆ ತೋರಿಸಿ. ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಸರಿಯಾಗಿ ಸೋಸ್ತಿದೆಯಾ ಅಂತ ತಿಳಿಸೋದು), ಪೊಟ್ಯಾಷಿಯಂ ನೋಡಿಸಬೇಕು. ನೋವಿನ ಮಾತ್ರೆಯಿಂದ ಬಿಪಿಯೂ ಏರಬಹುದು, ಆಗ ಜನ ಬೈಯೋದು ಬಿಪಿ ಮಾತ್ರೇನ.

ಉತ್ತರ 2: ಬರೀ ಪ್ಯಾರಾಸಿಟಮಾಲ್ 650 ವಾಸಿ. ಒಂದಕ್ಕೂ ಇನ್ನೊಂದಕ್ಕೂ 6 ಗಂಟೆ ಅಂತರ, ದಿನಕ್ಕೆ 4 ದಾಟಬೇಡಿ. ಆ ಜೋಡಿ ಮಾತ್ರೆ ಜೊತೆ ಇದನ್ನೂ ನುಂಗಿದ್ರೆ ಪ್ಯಾರಾಸಿಟಮಾಲ್ ಎರಡು ಕಡೆಯಿಂದ ಸೇರುತ್ತೆ, ಸ್ಟ್ರಿಪ್ ಹಿಂದಿನ ಸಣ್ಣ ಅಕ್ಷರ ಓದಿ. ದಿನಾ ಕುಡಿಯೋರಾದ್ರೆ ಲಿವರಿಗೆ ಅಪಾಯ ಜಾಸ್ತಿ, ಡೋಸ್ ಡಾಕ್ಟರನ್ನೇ ಕೇಳಿ.

ಪ್ರಶ್ನೆ ಕೇಳಿದವರು: ಗ್ಯಾಸ್ ಮಾತ್ರೇನ ಮುದ್ದೆ ಉಂಡ ಮೇಲೆ ತಗೊಳ್ತಾರೆ. ಬಿಸಿಲಿಗೆ ದಿನಾ ಮೂರ್ನಾಲ್ಕು ಎಳನೀರು ಬೇರೆ.

ಉತ್ತರ 1: ಗ್ಯಾಸ್ ಮಾತ್ರೆ ಊಟಕ್ಕೆ ಅರ್ಧ ಗಂಟೆ ಮುಂಚೆ, ಬೆಳಿಗ್ಗೆ. ಮದ್ದೂರಿನ ಎಳನೀರಾದ್ರೂ ಅದರಲ್ಲಿ ಪೊಟ್ಯಾಷಿಯಂ ಇದ್ದೇ ಇರುತ್ತೆ, ಟೆಲ್ಮಿಸಾರ್ಟಾನ್ ಅದನ್ನ ಮೈಯಲ್ಲೇ ಉಳಿಸುತ್ತೆ. ರಕ್ತದ ರಿಪೋರ್ಟ್ ಬರೋವರೆಗೂ ಎಳನೀರು ಬಿಟ್ಟು ಬರೀ ನೀರು ಕೊಡಿ.