ಜಪಸರ ಕೈಯಲ್ಲಿದೆ, ಪ್ರಾರ್ಥನೆ ಒಣಗಿದೆ. ಏನು ಮಾಡಲಿ?

ರಾತ್ರಿಪಾಳಿ:

ಎಲ್ಲರಿಗೂ ನಮಸ್ಕಾರ. ನಾನು 22 ವರ್ಷಗಳಿಂದ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ನರ್ಸ್. ಊರು ಕನಕಪುರದ ಕಡೆಯ ಹಾರೋಬೆಲೆ. ನಮ್ಮ ಕಥೋಲಿಕ ಮನೆಯಲ್ಲಿ ಸಂಜೆ ಜಪಸರ (ಮಣಿ ಎಣಿಸುತ್ತಾ ಹೇಳುವ ಪ್ರಾರ್ಥನೆ) ಮುಗಿಯದೆ ಅವ್ವ ಮುದ್ದೆ ಬಡಿಸುತ್ತಿರಲಿಲ್ಲ. ಮದುವೆಯಾಗಿ ಹೆಣ್ಣೂರಿಗೆ ಬಂದ ಮೇಲೂ ಆ ಅಭ್ಯಾಸ ಬಿಡಲಿಲ್ಲ. ಮನೆಯಲ್ಲಿ ಆಗದಿದ್ದರೆ ಬಸ್ಸಿನಲ್ಲಿ, ಅಲ್ಲೂ ಆಗದಿದ್ದರೆ ಬೆಳಗಿನ ಜಾವ ಮೂರು ಗಂಟೆಗೆ, ರೋಗಿಗಳು ನಿದ್ದೆಗೆ ಜಾರಿದ ಹೊತ್ತಿನಲ್ಲಿ ವಾರ್ಡಿನ ಮೇಜಿನ ಮುಂದೆ.

ಕಳೆದ ತಪಸ್ಸುಕಾಲದಲ್ಲಿ, ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿ, ಅವ್ವ ತೀರಿಕೊಂಡಳು. ವೇಳಾಂಕಣಿಯಿಂದ ತಂದಿದ್ದ ಅವಳ ಮರದ ಜಪಸರ ಈಗ ನನ್ನ ಬಳಿ ಇದೆ. ಮಣಿ ಉರುಳುತ್ತದೆ, ಬಾಯಿ ‘ನಮೋ ಮರಿಯೆ’ ಎನ್ನುತ್ತದೆ, ಒಳಗೆ ಏನೂ ಇಲ್ಲ. ಬಾವಿಗೆ ಬಿಟ್ಟ ಬಿಂದಿಗೆ ತಳಕ್ಕೆ ತಾಗಿ ಬರಿದೇ ಮೇಲೆ ಬಂದ ಹಾಗೆ. ಪಾಳಿ ಮುಗಿಸಿ ಶಿವಾಜಿನಗರದಲ್ಲಿ ಬಸ್ ಬದಲಿಸುವಾಗ ಅಲ್ಲಿನ ಸಂತ ಮೇರಿ ಚರ್ಚು, ಬೆಸಿಲಿಕಾದೊಳಗೆ ಹೋಗಿ ಕೂರುತ್ತೇನೆ. ಕಾಲು ನೋಯುವುದು ಮಾತ್ರ ತಿಳಿಯುತ್ತದೆ.

ಪಾಪನಿವೇದನೆಯಲ್ಲಿ ಇದನ್ನು ಹೇಳಿದೆ. ನನ್ನ ಹಿಂದೆ ಉದ್ದ ಸಾಲಿತ್ತು. ‘ಇನ್ನೂ ಹೆಚ್ಚು ಪ್ರಾರ್ಥಿಸಿ’ ಎಂದು ಗುರುಗಳು (ಫಾದರ್) ಕಳುಹಿಸಿದರು. ಅವರೂ ಬೆಳಿಗ್ಗೆಯಿಂದ ಕುಳಿತೇ ಇದ್ದರು, ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಪ್ರಾರ್ಥನೆ ಒಣಗಿರುವುದು ಪಾಪವೇ? ನಮಗೆ ಹಬ್ಬವಿದೆ, ಒಂಬತ್ತು ದಿನದ ನೊವೇನಾ ಪ್ರಾರ್ಥನೆ ಇದೆ, ತೇರು ಇದೆ. ಒಳಗಿನ ಸಂಗತಿಯನ್ನು ಅರ್ಧ ಗಂಟೆ ಕುಳಿತು ಕನ್ನಡದಲ್ಲಿ ಕೇಳಿಸಿಕೊಳ್ಳುವವರು ನನಗೆ ಸಿಗಲಿಲ್ಲ. ನಾನು ವಿಚಾರಿಸಿದ ಧ್ಯಾನಕೂಟಗಳೆಲ್ಲ ಇಂಗ್ಲಿಷಿನಲ್ಲಿದ್ದವು. ಇಂಗ್ಲಿಷಿನಲ್ಲಿ ನಾನು ಡಾಕ್ಟರರಿಗೆ ವರದಿ ಒಪ್ಪಿಸಬಲ್ಲೆ, ಅಳಲಾರೆ.

ಇನ್ನೊಂದು ವಿಷಯ. ನನ್ನ ಮಗಳಿಗೆ 19 ವರ್ಷ. ಚರ್ಚಿನ ಪೂಜೆಗೆ ಬರುವುದನ್ನು ನಿಲ್ಲಿಸಿದ್ದಾಳೆ. ಬೇರೆ ಬೇರೆ ದೇಶಗಳಲ್ಲಿ ಚರ್ಚಿನ ಗುರುಗಳಿಂದ ಮಕ್ಕಳ ಮೇಲೆ ನಡೆದ ದೌರ್ಜನ್ಯದ ಸುದ್ದಿಗಳನ್ನು ಓದಿ, ‘ಅಮ್ಮ, ಆ ಮಕ್ಕಳೂ ನಿನ್ನ ಹಾಗೆಯೇ ಜಪಸರ ಹೇಳುತ್ತಿದ್ದರಲ್ಲವೇ?’ ಎಂದು ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ. ಈಗ ಪ್ರತಿ ಮಣಿಯಲ್ಲೂ ಆ ಪ್ರಶ್ನೆ ಸಿಗುತ್ತದೆ.

ಹಳೆಯ ಉಪದೇಶಿ:

ತಂಗಿ, ಒಣಗಿರುವುದು ಪಾಪವಲ್ಲ. 31 ವರ್ಷ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಟ್ಟವನು ನಾನು, ಇಷ್ಟನ್ನು ಧೈರ್ಯವಾಗಿ ಹೇಳುತ್ತೇನೆ.

ಸ್ಪೇನಿನ ಕಾರ್ಮೆಲ್ ಸಂನ್ಯಾಸಿ ಶಿಲುಬೆಯ ಸಂತ ಯೊವಾನ್ನರನ್ನು 1577ರ ಡಿಸೆಂಬರಿನಲ್ಲಿ ಅವರ ಸಂನ್ಯಾಸಿ ಸಭೆಯ ಸಹೋದರರೇ ಹಿಡಿದು ಟೊಲೆಡೊದ ಮಠದ ಕತ್ತಲೆ ಕೋಣೆಯಲ್ಲಿ ಕೂಡಿಹಾಕಿದರು. ಸುಮಾರು ಒಂಬತ್ತು ತಿಂಗಳ ನಂತರ ಅಲ್ಲಿಂದ ತಪ್ಪಿಸಿಕೊಂಡವರು ಅವರು. ಆತ್ಮದ ಇರುಳಿನ ಬಗ್ಗೆ ಬರೆದವರೂ ಅವರೇ. ಈ ಒಣಗುವಿಕೆ ನಮ್ಮ ಸೋಮಾರಿತನದಿಂದ ಬಂದದ್ದೋ ದೇವರ ಕೆಲಸವೋ ಎಂದು ತಿಳಿಯಲು ಅವರು ಮೂರು ಗುರುತು ಕೊಡುತ್ತಾರೆ. ದೇವರ ವಿಷಯದಲ್ಲಿ ರುಚಿ ಇಲ್ಲ, ಆದರೆ ಲೋಕದ ಬೇರೆ ಯಾವುದರಲ್ಲೂ ರುಚಿ ಇಲ್ಲ. ಮೊದಲಿನ ಹಾಗೆ ಮನಸ್ಸಿನಲ್ಲಿ ಚಿತ್ರ ಕಟ್ಟಿಕೊಂಡು ಧ್ಯಾನಿಸಲು ಆಗುವುದಿಲ್ಲ. ಅಷ್ಟಾದರೂ ದೇವರ ಸೇವೆಯಲ್ಲಿ ಹಿಂದೆ ಬಿದ್ದೆನೇನೋ ಎಂಬ ಕಳವಳ ಬಿಡುವುದಿಲ್ಲ. ಪಾಳಿ ಮುಗಿಸಿ ಮನೆಗೆ ಹೋಗಿ ಮಲಗಬೇಕಾದವರು ಬೆಸಿಲಿಕಾದೊಳಗೆ ಹೋಗಿ ಕೂರುತ್ತೀರಿ. ಈ ಮೂರನೆಯ ಗುರುತು ನಿಮ್ಮಲ್ಲಿ ನನಗೆ ಎದ್ದು ಕಾಣುತ್ತದೆ. ಜಪಸರ ಬಿಡಬೇಡಿ.

ಸೆಪ್ಟೆಂಬರ್ ಎಂಟು:

‘ಹಬ್ಬವಿದೆ, ತೇರು ಇದೆ’ ಎಂದು ಬರೆದದ್ದು ನನಗೆ ನೋವು ಮಾಡಿತು, ಕ್ಷಮಿಸಿ. ಆಗಸ್ಟ್ 29ಕ್ಕೆ ಧ್ವಜ ಏರಿದ ದಿನದಿಂದ ಮಾತೆ ಮರಿಯಳ ಹುಟ್ಟುಹಬ್ಬವಾದ ಸೆಪ್ಟೆಂಬರ್ 8ರವರೆಗೆ ಶಿವಾಜಿನಗರಕ್ಕೆ ಕಾವಿ ಬಣ್ಣದ ಬಟ್ಟೆ ಉಟ್ಟು ಬರುವವರಲ್ಲಿ ಕ್ರೈಸ್ತರಲ್ಲದವರೂ ಇದ್ದಾರೆ. ನನ್ನ ತಂಗಿಗೆ ಮಗು ನಿಲ್ಲದೆ ಇದ್ದಾಗ ಅವಳನ್ನು ಅಲ್ಲಿಗೆ ನಡೆಸಿಕೊಂಡು ಹೋದವರು ಪಕ್ಕದ ಮನೆಯ ಲಿಂಗಾಯತ ಅಮ್ಮ. ಆ ಜನಜಂಗುಳಿಯೂ ಪ್ರಾರ್ಥನೆಯೇ. ಒಬ್ಬರಿಗೆ ಮಾತು ಬರದಿದ್ದಾಗ ಸಾವಿರ ಜನ ಅವರ ಪರವಾಗಿ ಹೇಳುತ್ತಾರೆ.

ನೇರಳೆ ಮಾರ್ಗ:

ಅಕ್ಕ, ನಾನು ನಿಮ್ಮ ಮಗಳ ಹಾಗೆ ಆರು ವರ್ಷ ಪೂಜೆ ಬಿಟ್ಟವನು. ಆದ್ದರಿಂದ ಅವಳ ಪ್ರಶ್ನೆಗೆ ಬರೆಯುತ್ತಿದ್ದೇನೆ.

ದಯವಿಟ್ಟು ಧರ್ಮಸಭೆಯ (ಚರ್ಚಿನ) ಪರವಾಗಿ ವಾದಿಸಬೇಡಿ. ‘ಎಲ್ಲ ಕಡೆಯೂ ಇಂಥವರು ಇರುತ್ತಾರೆ’ ಎಂದು ನನಗೆ ಹೇಳಿದವರೇ ನನ್ನನ್ನು ಇನ್ನಷ್ಟು ದೂರ ತಳ್ಳಿದರು. ಪೋಪ್ ಫ್ರಾನ್ಸಿಸ್ 2018ರ ಆಗಸ್ಟ್ 20ರಂದು ಇಡೀ ದೇವಪ್ರಜೆಗೆ, ಅಂದರೆ ಎಲ್ಲ ಕಥೋಲಿಕರಿಗೆ, ಬರೆದ ಪತ್ರದಲ್ಲಿ, ಚಿಕ್ಕವರನ್ನು ನಾವು ಕೈಬಿಟ್ಟೆವು ಎಂದು ಒಪ್ಪಿಕೊಂಡರು. ತಾಯಿಯಾದವರು ಆ ಒಂದು ಮಾತು ಒಪ್ಪಿದರೆ ಮಗಳ ಜೊತೆ ಮಾತು ಮುಂದುವರಿಯುತ್ತದೆ. 2019ರಲ್ಲಿ ಅವರೇ ಹೊರಡಿಸಿದ ನಿಯಮದ ಪ್ರಕಾರ ದೂರು ಸ್ವೀಕರಿಸುವ ವ್ಯವಸ್ಥೆ ಬಿಷಪ್ಪರ ಪ್ರತಿ ಧರ್ಮಪ್ರಾಂತ್ಯದಲ್ಲೂ ಇರಬೇಕು. ನಮ್ಮ ದೇಶದ 2012ರ ಪೋಕ್ಸೊ ಕಾಯ್ದೆಯಂತೆ ಮಗುವಿನ ಮೇಲಿನ ಲೈಂಗಿಕ ದೌರ್ಜನ್ಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟರೆ ಅದೇ ಅಪರಾಧ. ನಿಮ್ಮ ಧರ್ಮಕೇಂದ್ರದ ಸೂಚನಾ ಫಲಕದಲ್ಲಿ ಮದುವೆಯ ಪ್ರಕಟಣೆಗಳ ಪಕ್ಕದಲ್ಲಿ ಯಾರಿಗೆ ದೂರು ಕೊಡಬೇಕೆಂದು ಬರೆದಿದೆಯೇ? ಇಲ್ಲದಿದ್ದರೆ ಮಗಳನ್ನು ಕರೆದುಕೊಂಡು ಹೋಗಿ ಗುರುಗಳನ್ನು ಕೇಳಿ. ನಮ್ಮಲ್ಲಿ ನಾವು ನಾಲ್ವರು ಮೂರು ಭಾನುವಾರ ಕೇಳಿದೆವು, ಹಾಕಿದರು.

ನಾನು ಪ್ರಾರ್ಥನೆಗೆ ಹಿಂತಿರುಗಿದ್ದು ಮೆಟ್ರೋದಲ್ಲಿ. ಬೈಯಪ್ಪನಹಳ್ಳಿಯಿಂದ ಮೆಜೆಸ್ಟಿಕ್ ತಲುಪುವಷ್ಟರಲ್ಲಿ ಯೇಸುಸಭೆಯ ಸ್ಥಾಪಕ ಸಂತ ಇಗ್ನೇಷಿಯಸ್ ಕಲಿಸಿದ ದಿನದ ಪರಿಶೀಲನೆ ಮಾಡುತ್ತೇನೆ. ಕೃತಜ್ಞತೆ, ಬೆಳಕಿಗಾಗಿ ಬೇಡಿಕೆ, ದಿನವನ್ನು ಗಂಟೆ ಗಂಟೆಯಾಗಿ ನೋಡುವುದು, ತಪ್ಪಿಗೆ ಕ್ಷಮೆ, ನಾಳೆಯ ಮಾತು. ಭಕ್ತಿ ಉಕ್ಕದಿದ್ದರೂ ದಿನ ಇದ್ದೇ ಇರುತ್ತದೆ, ಅದನ್ನು ದೇವರ ಮುಂದೆ ಇಡಬಹುದು.

ಕಾರ್ಮೆಲ್ ಅಂಗಳ:

ಪ್ರೀತಿಯ ಸಹೋದರಿ, ನಾನು ಕಾರ್ಮೆಲ್ ಸಭೆಯ ಸಂನ್ಯಾಸಿನಿ. ಉಪದೇಶಿಗಳು ಹೇಳಿದ ಮೂರು ಗುರುತು ಸರಿ. ಆದರೆ ಅಷ್ಟು ಬೇಗ ಅದನ್ನು ನಿಮಗೆ ಅನ್ವಯಿಸಲು ನಾನು ಹಿಂಜರಿಯುತ್ತೇನೆ. ನಿಮ್ಮ ಅವ್ವ ಹೋಗಿ ಒಂದು ವರ್ಷವೂ ಆದ ಹಾಗೆ ಕಾಣುವುದಿಲ್ಲ. ರಾತ್ರಿಯೆಲ್ಲ ಎಚ್ಚರವಿರುತ್ತೀರಿ. ಪ್ರವಾದಿ ಎಲೀಯ ಸಾಕು ದೇವರೇ, ಸಾಯಿಸಿಬಿಡು ಎಂದು ಗಿಡದ ಕೆಳಗೆ ಬಿದ್ದಾಗ ದೇವದೂತ ಬಂದು ಉಪದೇಶ ಮಾಡಲಿಲ್ಲ. ರೊಟ್ಟಿ, ನೀರು ಕೊಟ್ಟ. ಎಲೀಯ ತಿಂದು ಮತ್ತೆ ಮಲಗಿದ. ನೀವು ಮೊದಲು ನಿದ್ದೆ ಮಾಡಿ.

ನಮ್ಮದೇ ಸಭೆಯ ಫ್ರಾನ್ಸಿನ ಸಂತೆ, ಲಿಸಿಯುವಿನ ಪುಟ್ಟ ತೆರೇಸಾ ಜಪಸರ ಹೇಳುವುದು ತನಗೆ ದೇಹದಂಡನೆಗಿಂತ ಕಷ್ಟವೆಂದು ಬರೆದಿದ್ದಾಳೆ. ಪ್ರಾರ್ಥನೆಯಲ್ಲಿ ತೂಕಡಿಸುತ್ತಿದ್ದಳು. ವೈದ್ಯರು ಶಸ್ತ್ರಚಿಕಿತ್ಸೆಗೆ ರೋಗಿಯನ್ನು ನಿದ್ದೆ ಬರಿಸಿಯೇ ಮಲಗಿಸುತ್ತಾರಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದಳು. ನರ್ಸ್ ಆದ ನಿಮಗೆ ಈ ಮಾತು ನನಗಿಂತ ಚೆನ್ನಾಗಿ ಅರ್ಥವಾಗುತ್ತದೆ. 1896ರ ಪಾಸ್ಕ (ಈಸ್ಟರ್) ಹಬ್ಬದಿಂದ ಮರುವರ್ಷ ಸೆಪ್ಟೆಂಬರ್ 30ರಂದು ಸಾಯುವವರೆಗೂ ಸ್ವರ್ಗವಿದೆಯೆಂಬ ನಂಬಿಕೆಯೇ ಅವಳಿಗೆ ಮಬ್ಬಾಗಿತ್ತು. ಆ ಸ್ಥಿತಿಯಲ್ಲೇ ವಿಶ್ವಾಸದ ಕೃತ್ಯಗಳನ್ನು ಹೇಳುತ್ತಾ ಹೋದಳು.

ಪ್ರತಿ ಶುಕ್ರವಾರ ಮಲಗುವ ಮುನ್ನ ನಾವು ಮಠದಲ್ಲಿ ಬೈಬಲಿನ 88ನೆಯ ಕೀರ್ತನೆ ಹೇಳುತ್ತೇವೆ. ಬಹುಪಾಲು ಅಳಲಿನ ಕೀರ್ತನೆಗಳು ಕೊನೆಗೆ ಸ್ತುತಿಗೆ ತಿರುಗುತ್ತವೆ, ಇದು ಕತ್ತಲೆಯಲ್ಲೇ ಮುಗಿಯುತ್ತದೆ. ಜಪಸರ ಹೇಳಲಾಗದ ರಾತ್ರಿ ಇದನ್ನು ಓದಿ.

ಕನ್ನಡದಲ್ಲಿ ಕೇಳಿಸಿಕೊಳ್ಳುವವರು ಸಿಗುವುದಿಲ್ಲ ಎಂದಿರಿ. ಅದು ನಿಜ, ನಮ್ಮೆಲ್ಲರ ಮೇಲಿನ ಸಾಲ. ಜಗತ್ತಿನ ಬಿಷಪ್ಪರು ಸೇರಿದ ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಪೂಜೆಗೆ ಜನರ ಭಾಷೆಯ ಬಾಗಿಲು ತೆರೆಯಿತು. 1964ರಲ್ಲಿ, ಪಾವಿತ್ರ್ಯದ ಕರೆ ಗೃಹಸ್ಥರಿಗೂ ಇದೆ ಎಂದಿತು. ಈ ಕರೆಯನ್ನು ನಾವು ಕನ್ನಡಕ್ಕೆ ಇನ್ನೂ ಪೂರ್ತಿ ತಂದಿಲ್ಲ. ಧ್ಯಾನಮಂದಿರಕ್ಕಾಗಿ ಕಾಯಬೇಡಿ. ಇಬ್ಬರು ಗೆಳತಿಯರನ್ನು ಕೂರಿಸಿಕೊಂಡು ಭಾನುವಾರದ ಶುಭಸಂದೇಶ (ಯೇಸುವಿನ ಜೀವನದ ಬೈಬಲ್ ಭಾಗ) ಓದಿ, ಸುಮ್ಮನಿರಿ, ಮತ್ತೆ ಓದಿ, ಮನಸ್ಸಿಗೆ ನಾಟಿದ ಒಂದು ಪದ ಹೇಳಿ.

ರಾತ್ರಿಪಾಳಿ:

ಎಲ್ಲರಿಗೂ ಕೃತಜ್ಞತೆ. ತೇರಿನ ಬಗ್ಗೆ ಬರೆದದ್ದಕ್ಕೆ ಕ್ಷಮೆ ಕೇಳುತ್ತೇನೆ. ಅವ್ವನೂ ಪ್ರತಿ ವರ್ಷ ಬರುತ್ತಿದ್ದಳು, ನನ್ನ ಕೈ ಹಿಡಿದು.

ಸಿಸ್ಟರ್ ಹೇಳಿದಂತೆ ಶನಿವಾರ ಪಾಳಿ ಮುಗಿಸಿ ನೇರ ಮನೆಗೆ ಬಂದು ಒಂಬತ್ತು ಗಂಟೆ ಮಲಗಿದೆ. ಭಾನುವಾರ ಸಂಜೆಯ ಪೂಜೆಗೆ ಹೋದೆ. ಒಳಗೆ ಇನ್ನೂ ಹಾಗೆಯೇ ಇದೆ, ಹೆದರಿಕೆ ಕಡಿಮೆಯಾಗಿದೆ.

ರಾತ್ರಿ ಅಡುಗೆಮನೆಯಲ್ಲಿ 88ನೆಯ ಕೀರ್ತನೆ ಓದುತ್ತಿದ್ದೆ. ಮಗಳು ನೀರು ಕುಡಿಯಲು ಬಂದವಳು ನಿಂತು ಕೇಳಿಸಿಕೊಂಡಳು. ‘ಇಷ್ಟೇನಾ? ಮುಂದೆ ಇಲ್ಲವೇ?’ ಎಂದಳು. ಇಲ್ಲ, ಇಲ್ಲಿಗೇ ಮುಗಿಯುತ್ತದೆ ಎಂದೆ. ಪುಸ್ತಕ ತೆಗೆದುಕೊಂಡು ತಾನೇ ಒಮ್ಮೆ ಓದಿದಳು. ‘ಇದನ್ನು ಬೈಬಲಿನಿಂದ ತೆಗೆದುಹಾಕಲಿಲ್ಲವೇ ಅಮ್ಮ?’ ಎಂದು ಕೇಳಿ, ನನ್ನ ಪಕ್ಕದ ಸ್ಟೂಲಿನ ಮೇಲೆ ಕುಳಿತಳು. ಆ ಮಕ್ಕಳ ವಿಷಯ ಮಾತನಾಡಿದೆವು. ಅವರನ್ನು ನಾವು ಕೈಬಿಟ್ಟೆವು ಎಂದು ನಾನೂ ಹೇಳಿದೆ.

ಫಲಕದ ವಿಷಯ ಕೇಳಲು ಬರುವ ಭಾನುವಾರ ಇಬ್ಬರೂ ಹೋಗುತ್ತೇವೆ. ಹೆಣ್ಣೂರಿನ ಕಡೆ ಯಾರಾದರೂ ಇದ್ದರೆ ಅದೇ ದಿನ ಸಂಜೆ ನಾಲ್ಕಕ್ಕೆ ನಮ್ಮ ಮನೆಯಲ್ಲಿ ಶುಭಸಂದೇಶ ಓದಲು ಬನ್ನಿ. ಸದ್ಯಕ್ಕೆ ನಾವು ಮೂವರು.