27 ಮಿ.ಮೀ. ಪಿಯೆಜೊ ಬಿಲ್ಲೆ ಹಾಕಿದ ಅಕೂಸ್ಟಿಕ್ ಗಿಟಾರ್: ದಪ್ಪ ತಂತಿಗಳ ನಾದ ಬರ್ತಿಲ್ಲ

ಪ್ರಶ್ನೆ:
ಸ್ಟೀಲ್ ತಂತಿಯ ಗಿಟಾರ್. ಬಜರ್ ಒಳಗೆ ಬರುತ್ತಲ್ಲ, ಕಂಪನವನ್ನ ವಿದ್ಯುತ್ ಸಿಗ್ನಲ್ ಮಾಡೋ ಆ 27 ಮಿ.ಮೀ. ಹಿತ್ತಾಳೆ ಪಿಯೆಜೊ ಬಿಲ್ಲೆಯನ್ನ ಬ್ರಿಡ್ಜ್ ಪಕ್ಕ ಹೊರಗಡೆ ಡಬಲ್ ಟೇಪಲ್ಲಿ ಅಂಟಿಸಿ, ಎರಡು ಬಿಡಿ ವೈರ್ ಎಳೆದು ಜ್ಯಾಕ್‌ಗೆ ಕೊಟ್ಟಿದ್ದೇನೆ. ಮಿಕ್ಸರ್‌ನ ಲೈನ್ ಇನ್‌ನಲ್ಲಿ ಬರೀ ತಗಡಿನ ಸದ್ದು, ಜೊತೆಗೆ ಗುಂಯ್ ಅಂತ ಹಮ್. ಬಿಲ್ಲೆಯೇ ಕಳಪೆಯೇ?

ಉತ್ತರ 1:
ಬಿಲ್ಲೆ ಚೆನ್ನಾಗೇ ಇದೆ, ಅದರ ಜ್ಯಾಕ್ ಅನ್ನ ಲೈನ್ ಇನ್‌ಗೆ ಚುಚ್ಚಿರೋದೇ ತಪ್ಪು. ಆ ಬಿಲ್ಲೆ ಅಂದ್ರೆ ಸುಮಾರು 20 ನ್ಯಾನೊಫ್ಯಾರಡ್‌ನ ಕೆಪಾಸಿಟರ್. ಲೈನ್ ಇನ್‌ನ ಒಳರೋಧ (ಇನ್‌ಪುಟ್ ಇಂಪಿಡೆನ್ಸ್) 10 ಕಿಲೋ ಓಮ್ ಇದ್ದರೆ ಎರಡೂ ಸೇರಿ 800 ಹರ್ಟ್ಸ್‌ಗಿಂತ ಕೆಳಗಿನದನ್ನೆಲ್ಲ ಕತ್ತರಿಸುತ್ತವೆ. ದಪ್ಪ ಇ ತಂತಿಯ ಮೂಲ ಸ್ವರ 82 ಹರ್ಟ್ಸ್, ಅದು ಎಲ್ಲಿಂದ ಬರಬೇಕು! ಅದೇ 1 ಮೆಗಾ ಓಮ್ ಒಳರೋಧದ ಇನ್‌ಪುಟ್‌ಗೆ ಕೊಟ್ಟರೆ ಕತ್ತರಿ ಬೀಳೋದು 8 ಹರ್ಟ್ಸ್‌ನಲ್ಲಿ. ಮೊದಲು ಗಿಟಾರ್ ಆಂಪ್‌ಗೆ ಚುಚ್ಚಿ ನೋಡಿ, ಇಲ್ಲವೇ ಮಿಕ್ಸರ್‌ನಲ್ಲಿ ಹೈ-ಝಡ್ (ಒಳರೋಧ ಹೆಚ್ಚಿಸೋ) ಗುಂಡಿ ಇದ್ದರೆ ಒತ್ತಿ.

ಎರಡೂ ಇಲ್ಲವಾದರೆ ಒಂದು ಬಫರ್ ಕಟ್ಟಿಕೊಳ್ಳಿ, ಅಂದ್ರೆ ಬಿಲ್ಲೆಗೆ ಹೆಚ್ಚು ಒಳರೋಧ ತೋರಿಸಿ ಸಿಗ್ನಲ್ಲನ್ನ ಮಿಕ್ಸರ್‌ಗೆ ದಾಟಿಸೋ ಸಣ್ಣ ಸರ್ಕ್ಯೂಟ್. ಟಿಎಲ್072 (ಒಳಗೆ ಎರಡು ಆಪ್-ಆಂಪ್ ಇರೋ ಎಂಟು ಕಾಲಿನ ಚಿಪ್), 9 ವೋಲ್ಟ್ ಬ್ಯಾಟರಿ ಸಾಕು. 8ನೇ ಕಾಲಿಗೆ ಪ್ಲಸ್, 4ಕ್ಕೆ ಮೈನಸ್ (ಇದೇ ಗ್ರೌಂಡ್). ಎರಡು 100 ಕಿಲೋ ಓಮ್ ರೆಸಿಸ್ಟರ್‌ಗಳಿಂದ ಬ್ಯಾಟರಿಯ ಅರ್ಧ ವೋಲ್ಟೇಜ್ ಮಾಡಿ, ಆ ನಡುಬಿಂದುವಿನಿಂದ ಗ್ರೌಂಡ್‌ಗೆ 10 ಮೈಕ್ರೊಫ್ಯಾರಡ್. ನಡುಬಿಂದುವಿನಿಂದಲೇ 3.3 ಮೆಗಾ ಓಮ್ 3ನೇ ಕಾಲಿಗೆ, ಬಿಲ್ಲೆಯ ಸಿಗ್ನಲ್ 100 ನ್ಯಾನೊಫ್ಯಾರಡ್ ಮೂಲಕ ಅದೇ ಕಾಲಿಗೆ. 1 ಮತ್ತು 2 ಕೂಡಿಸಿ, 1ರಿಂದ 10 ಮೈಕ್ರೊಫ್ಯಾರಡ್, ಅದಾದ ಮೇಲೆ 1 ಕಿಲೋ ಓಮ್, ಆಮೇಲೆ ಜ್ಯಾಕ್. ಚಿಪ್‌ನ ಉಳಿದರ್ಧವನ್ನ ಏನಕ್ಕೂ ಜೋಡಿಸದೆ ತೇಲಲು ಬಿಡಬೇಡಿ: 6 ಮತ್ತು 7 ಕೂಡಿಸಿ, 5ನ್ನ ನಡುಬಿಂದುವಿಗೆ ಕೊಡಿ. ಗಿಟಾರ್ ಮೈಗೆ ಕೈ ತಾಗಿದಾಗ ಧಡ್ ಧಡ್ ಜಾಸ್ತಿ ಅನ್ನಿಸಿದರೆ 3.3 ಮೆಗಾ ಬದಲು 220 ಕಿಲೋ ಓಮ್ ಹಾಕಿ, 40 ಹರ್ಟ್ಸ್ ಆಸುಪಾಸಿನಿಂದ ಕೆಳಗಿನದು ಇಳಿಯುತ್ತೆ.

ಉತ್ತರ 2:
ಹಮ್‌ಗೆ ಕಾರಣ ಆ ಬಿಡಿ ವೈರ್. ಶೀಲ್ಡ್ ಇರೋ ತೆಳು ಆಡಿಯೊ ಕೇಬಲ್ ಹಾಕಿ: ಜಾಲರಿ ಹಿತ್ತಾಳೆಗೆ, ಒಳತಂತಿ ನಡುವಿನ ಬಿಳಿ ಭಾಗಕ್ಕೆ. ತಿರುವುಮುರುವಾದರೆ ಇಡೀ ಹಿತ್ತಾಳೆ ಆಂಟೆನಾ ಆಗುತ್ತೆ. ಬಿಳಿ ಮುಖದ ಮೇಲೆ ಇನ್ಸುಲೇಷನ್ ಟೇಪ್, ಅದರ ಮೇಲೆ ತಾಮ್ರದ ಟೇಪ್, ಆ ತಾಮ್ರವನ್ನ ಜಾಲರಿಗೆ ಬೆಸೆಯಿರಿ. ಬಿಳಿ ಭಾಗಕ್ಕೆ ಐರನ್ ಒಂದು ಸೆಕೆಂಡ್‌ಗಿಂತ ಹೆಚ್ಚು ಇಟ್ಟರೆ ಬೆಳ್ಳಿ ಲೇಪ ಎದ್ದು ಬರುತ್ತೆ. ವೈರ್ ಮೊದಲೇ ಬೆಸೆದಿರೋ ಬಿಲ್ಲೆ ಸಿಗುತ್ತೆ, ಅದನ್ನೇ ತಗೊಳ್ಳಿ.

ಕೇಬಲ್ ಉದ್ದವಾದರೆ ಟ್ರೆಬಲ್ ಸಾಯುತ್ತೆ ಅನ್ನೋದು ಎಲೆಕ್ಟ್ರಿಕ್ ಗಿಟಾರ್‌ನ ಮ್ಯಾಗ್ನೆಟಿಕ್ ಪಿಕಪ್‌ನ ಮಾತು. 20 ನ್ಯಾನೊಫ್ಯಾರಡ್ ಮುಂದೆ ಐದು ಮೀಟರ್ ಕೇಬಲ್‌ನ 500 ಪಿಕೊಫ್ಯಾರಡ್ ಲೆಕ್ಕಕ್ಕೇ ಇಲ್ಲ.

ಉತ್ತರ 3:
ಟೇಪ್ ಬಗ್ಗೆ ಯಾರೂ ಹೇಳಲಿಲ್ಲ. ಫೋಮ್ ಟೇಪ್ ಮೆತ್ತಗೆ, ಕಂಪನವನ್ನ ತಾನೇ ನುಂಗುತ್ತೆ. ಸೌಂಡ್ ಹೋಲ್ ಒಳಗೆ ಕೈ ಹಾಕಿ, ಬ್ರಿಡ್ಜ್ ಕೆಳಗಿನ ಮರದ ಹಲಗೆಗೆ ಹಿತ್ತಾಳೆ ಮುಖ ತಾಗುವಂತೆ ಅಂಟಿಸಿ. ತಂತಿ ಹಿಡಿಯೋ ಪಿನ್ ಸಾಲಿಗಿಂತ ಸ್ವಲ್ಪ ಮುಂದೆ, ಸ್ಯಾಡಲ್ (ಬ್ರಿಡ್ಜ್ ಮೇಲೆ ತಂತಿಗಳು ಕೂರೋ ಪಟ್ಟಿ) ನೇರಕ್ಕೆ, ತೆಳು ತಂತಿಗಳ ಕಡೆ ವಾಲಿಸಿ. ತಂತಿಯ ತುದಿಗುಂಡುಗಳು ಬಿಲ್ಲೆಗೆ ತಾಗಬಾರದು. ಹಲಗೆ ಬಿಟ್ಟು ಬರೀ ಮೇಲ್ಮರಕ್ಕೆ ಹೋದರೆ ಮೈಯ ಗುಮ್ಮುವಿಕೆ ಜಾಸ್ತಿ, ಫೀಡ್‌ಬ್ಯಾಕ್ ಕೂಡ.

ಮೊದಲು ತೆಳು ಡಬಲ್ ಟೇಪಲ್ಲಿ ಎರಡು ಮೂರು ಜಾಗ ಪರೀಕ್ಷಿಸಿ, ಆಮೇಲಷ್ಟೇ ಫೆವಿಕ್ವಿಕ್, ಅದೂ ಒಂದೇ ಹನಿ. ಒಮ್ಮೆ ಹಿಡಿದ ಮೇಲೆ ಕಿತ್ತರೆ ಬಿಲ್ಲೆ ಬಾಗಿ ಸೆರಾಮಿಕ್ ಸೀಳುತ್ತೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದ. ಎರಡು ಬಿಲ್ಲೆ ಹಾಕಿದರೆ ಬಫರ್ ಬೇಡವೇ?

ಉತ್ತರ 1:
ಪ್ಯಾರಲಲ್‌ನಲ್ಲಿ 40 ನ್ಯಾನೊಫ್ಯಾರಡ್, ಕತ್ತರಿ 400 ಹರ್ಟ್ಸ್‌ಗೆ ಇಳಿಯುತ್ತೆ ಅಷ್ಟೆ. ಬಫರ್ ಬೇಕೇ ಬೇಕು. ಎರಡರ ಹಿತ್ತಾಳೆಯನ್ನೂ ಗ್ರೌಂಡ್‌ಗೇ ಕೊಡಿ. ಎರಡನೆಯದನ್ನ ಸೇರಿಸಿದ ಕೂಡಲೇ ನಾದ ತೆಳುವಾದರೆ ಅವುಗಳ ಸಿಗ್ನಲ್ ಒಂದನ್ನೊಂದು ಅಳಿಸುತ್ತಿವೆ ಅಂತ ಅರ್ಥ, ವೈರ್ ತಿರುಗಿಸದೆ ಒಂದರ ಜಾಗ ಬದಲಿಸಿ.